ಬೋರಮ್ಮ ಕೂತ ಹರಿಗೋಲು

ನಾನು ಬೋರ್ಡು ಬರೆಯುವವನು. ಹೆಸರು ದೇವರಾಜು, ಊರು ಬಾಬುರಾಯನಕೊಪ್ಪಲು. ಮೈಸೂರು ರಸ್ತೆಯ ಟೈರು ಅಂಗಡಿ, ಮಿಲಿಟರಿ ಹೋಟೆಲು, ಬೆಲ್ಲದ ಮಂಡಿ, ಹಲ್ಲಿನ ಡಾಕ್ಟರು, ಎಲ್ಲರ ಹೆಸರನ್ನೂ ಒಂದು ಕಾಲಕ್ಕೆ ನಾನೇ ಬರೆದೆ. ಫ್ಲೆಕ್ಸು ಬಂದ ಮೇಲೆ ನನ್ನ ಬ್ರಷ್ಷುಗಳು ಡಬ್ಬದಲ್ಲಿ ನಿಂತಲ್ಲೇ ಒಣಗಿದವು. ಇದನ್ನು ಮೊದಲೇ ಹೇಳಿದೆನೆಂದು, ಮುಂದೆ ನಾನು ಮಾಡಿದ ಹೇಸಿಗೆ ಕೆಲಸಕ್ಕೆ ಹೊಟ್ಟೆಪಾಡು ಕಾರಣ ಅಂತ ನನ್ನನ್ನು ಕ್ಷಮಿಸಲು ಹೊರಡಬೇಡಿ. ಕೆಲಸವಿಲ್ಲದ ಬೋರ್ಡಿನವರು ನಮ್ಮ ತಾಲ್ಲೂಕಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅವರು ಯಾರೂ ಇಂಥದ್ದಕ್ಕೆ ಕೈ ಹಾಕಲಿಲ್ಲ.

ಕಥೆ ನನ್ನದಲ್ಲ, ಮಂಚಯ್ಯನದು. ಕರಿಘಟ್ಟದ ಕೆಳಗೆ, ಲೋಕಪಾವನಿ ಬಂದು ಕಾವೇರಿಗೆ ಬೀಳುವ ಕಡೆ ಒಂದು ಹೊಂಗೆ ಮರವಿದೆ. ಆ ಮರದ ಬುಡದಲ್ಲಿ ಐವತ್ತೆರಡು ವರ್ಷದಿಂದ ಹರಿಗೋಲು ಕಟ್ಟುತ್ತಾ ಕೂತಿರುವ ಮುದುಕ ಅವನು. ವಯಸ್ಸು ಎಪ್ಪತ್ತನಾಲ್ಕು. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಬಿದಿರಿನ ಸಿಬಿರು ಹೊಕ್ಕು ಹೊಕ್ಕು ಗಂಟುಕಟ್ಟಿವೆ. ಮಾತು ಕಡಿಮೆ, ಬೈಗುಳ ಜಾಸ್ತಿ. ಬೈಗುಳವೂ ಹೆಚ್ಚಾಗಿ ಬಿದಿರಿಗೆ.

ಹರಿಗೋಲು ಕಟ್ಟುವುದನ್ನು ನೋಡದವರಿಗೆ ಎರಡು ಮಾತು. ಬಿದಿರನ್ನು ಸೀಳಿ, ದಬ್ಬೆ ಮಾಡಿ, ನೀರಿನಲ್ಲಿ ನೆನೆಹಾಕಿ, ನೆಲದ ಮೇಲೆ ಚಕ್ರದ ಹಾಗೆ ಹೆಣೆಯುತ್ತಾನೆ. ನಡುವೆ ಕಲ್ಲು ಹೇರಿ ಸುತ್ತಲಿನ ದಬ್ಬೆಗಳನ್ನು ಮೇಲಕ್ಕೆ ಬಗ್ಗಿಸುತ್ತಾನೆ. ಅಂಚಿಗೆ ದಪ್ಪ ಬಿದಿರಿನ ಕಟ್ಟು ಕೂರಿಸಿ ಬಿಗಿಯುತ್ತಾನೆ. ಆಮೇಲೆ ಕೆಳಗಿನಿಂದ ಗೊಬ್ಬರದ ಚೀಲ ಹೊಲಿದು ಮೇಲೆ ಕಾದ ಡಾಂಬರು ಬಳಿಯುತ್ತಾನೆ. ಒಂದಕ್ಕೆ ಹನ್ನೆರಡು ದಿನ. ಅವಸರ ಮಾಡಿದರೆ ಅವನು ಮಚ್ಚು ಕೆಳಗಿಟ್ಟು, "ನೀನೇ ಕಟ್ಕೊ ಬಾ" ಅನ್ನುತ್ತಾನೆ.

ಅವನ ಅಪ್ಪನ ಕಾಲದಲ್ಲಿ ಚೀಲವಿರಲಿಲ್ಲ, ಹಸಿ ಚರ್ಮ. ಆ ನಾತಕ್ಕೆ ಊರು ಮೂಗು ಮುಚ್ಚಿಕೊಳ್ಳುತ್ತಿತ್ತು. ಹುಡುಗನಾಗಿದ್ದಾಗ ಮಂಚಯ್ಯ ಬಸ್ಸು ಹತ್ತಿದರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರಂತೆ. ಚರ್ಮ ಹೋಗಿ ಡಾಂಬರು ಬಂತು, ಜನ ಡಾಂಬರಿಗೂ ಮೂಗು ಮುರಿದರು. ಹೊಳೆಗೆ ಪಿಂಡ ಬಿಟ್ಟು, ಉಟ್ಟ ಬಟ್ಟೆ ಬಿಚ್ಚಿ ಅಲ್ಲೇ ಎಸೆದು, ತಿಂದ ಎಲೆ, ಪ್ಲಾಸ್ಟಿಕ್ ಲೋಟ, ಮಗುವಿನ ಡೈಪರು ಎಲ್ಲವನ್ನೂ ಕಾವೇರಮ್ಮನ ಮಡಿಲಿಗೆ ಹಾಕಿ ಕೈಮುಗಿದು ಬರುವ ಜನ ಇವರೇ. ಇವರ ಮೂಗು ಯಾವುದಕ್ಕೆ ಮುಚ್ಚುತ್ತದೆ, ಯಾವುದಕ್ಕೆ ತೆರೆದಿರುತ್ತದೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಜನದ ಭಕ್ತಿ ನೋಡಿದರೆ ನನಗೆ ವಾಕರಿಕೆ ಬರುತ್ತದೆ.

ಮಂಚಯ್ಯನ ಹೆಂಡತಿ ಚಿಕ್ಕಬೋರಮ್ಮ. ಹರಿಗೋಲು ಕಟ್ಟುವುದು ಇವನಾದರೂ ಅದನ್ನು ಪಾಸು ಮಾಡುವುದು ಅವಳು. ಅವರ ಮನೆತನದಲ್ಲಿ ಒಂದು ಕಟ್ಟಳೆ. ಹೊಸ ಹರಿಗೋಲನ್ನು ಕೊಂಡವನ ಕೈಗೆ ಕೊಡುವ ಮೊದಲು, ಕಟ್ಟಿದವನ ಹೆಂಡತಿ ಅದರಲ್ಲಿ ಬರಿಗಾಲಲ್ಲಿ ಕೂರಬೇಕು. ಗಂಡ ಹುಟ್ಟು ಹಾಕಿಕೊಂಡು ಅವಳನ್ನು ನಡುಹೊಳೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಅವಳು "ಊಂ" ಅನ್ನಬೇಕು. ಊಂ ಅಂದರೆ ಹರಿಗೋಲು ಆಯಿತು ಎಂದರ್ಥ. ಅನ್ನದಿದ್ದರೆ ವಾಪಸ್ಸು ಬಂದು ಡಾಂಬರು ಕೆರೆದು ಹೊಲಿಗೆ ಬಿಚ್ಚಬೇಕು.

"ಯಾಕಣ್ಣ ಹೆಂಡ್ತೀನೇ ಕೂರ್ಬೇಕು?" ಅಂತ ನಾನೊಮ್ಮೆ ಕೇಳಿದ್ದೆ.

"ನಾಳೆ ಇದ್ರಲ್ಲಿ ಎಂಡ್ರು ಕುಂತ್ಕತಾಳೆ ಅಂದ್ರೆ ಇವತ್ತು ಗಂಟು ಬಿಗಿಯಾಗಿ ಬೀಳ್ತದೆ ಕಣ್ಲಾ" ಅಂದಿದ್ದ.

ಮದುವೆಯಾದ ನಾಲ್ಕನೇ ದಿನ ಬೋರಮ್ಮ ಮೊದಲ ಸಲ ಕೂತಳಂತೆ. ಹಸಿ ಚರ್ಮದ ನಾತಕ್ಕೆ ಅರ್ಧ ಹೊಳೆ ಹೋಗುವಷ್ಟರಲ್ಲಿ ಬಾಯಿಗೆ ಸೆರಗು. ಆದರೂ ನಡುನೀರಲ್ಲಿ, "ಬಲಗಾಲ್ ಇಮ್ಮಡಿ ತಣ್ಣಗಾಯ್ತದೆ, ಊಂ ಅನ್ನಲ್ಲ" ಎಂದಳು. ನೋಡಿದರೆ ಬಲಗಡೆಯ ಒಂದು ಹೊಲಿಗೆ ಸಡಿಲ. ಮಾವ ಅವತ್ತೇ ಸೊಸೆಗೆ ಹೊಸ ಸೀರೆ ತಂದುಕೊಟ್ಟ. ಅಲ್ಲಿಂದ ಈಚೆಗೆ ಅವಳು ಕೂತು ನೋಡದೆ ಒಂದು ಹರಿಗೋಲೂ ಆ ಮರದ ಬುಡದಿಂದ ಹೊರಟಿಲ್ಲ. ಪಾಂಡವಪುರದ ಕಡೆಯ ಕೆರೆ ಮೀನಿನವರು, ಕೆ.ಆರ್.ಪೇಟೆಯಲ್ಲಿ ಹೇಮಾವತಿ ದಂಡೆಯವರು, ನಾಗಮಂಗಲದ ಕೆರೆ ಗುತ್ತಿಗೆಯವರು, ಯಾರೇ ಹರಿಗೋಲು ಕೊಂಡರೂ ಕೇಳುವುದು ಒಂದೇ ಮಾತು: "ಬೋರಮ್ಮ ಕುಂತವ್ಳಾ?" ಬಿದಿರು ಎಲ್ಲಿಯದು ಅಂತ ಕೇಳುವುದಿಲ್ಲ, ಎಷ್ಟು ವರ್ಷ ಬಾಳುತ್ತದೆ ಅಂತ ಕೇಳುವುದಿಲ್ಲ. ಈಜು ಬಾರದ ಮಕ್ಕಳನ್ನೂ ಆ ಒಂದು ಮಾತಿನ ಮೇಲೆ ನಡುಕೆರೆಗೆ ಕರೆದುಕೊಂಡು ಹೋಗುತ್ತಾರೆ.

ಈ ಮಾತನ್ನು ನಾನು ಮಾರಿದೆ.

ಆದದ್ದು ಹೀಗೆ. ಕರಿಘಟ್ಟದಿಂದ ಸ್ವಲ್ಪ ಕೆಳಗೆ ಹೊಳೆ ದಂಡೆಯಲ್ಲಿ ಸಿದ್ದರಾಮು ಅಂತ ಒಬ್ಬ ರೆಸಾರ್ಟು ಮಾಡಿದ. ನಮ್ಮ ಕಡೆಯವನೇ. ಕಬ್ಬಿನ ಗದ್ದೆ ಇದ್ದ ಜಾಗದಲ್ಲಿ ಹುಲ್ಲುಹಾಸು ಹಾಕಿ, ಗುಡಿಸಲ ಮೇಲೆ ಎ.ಸಿ. ಕೂರಿಸಿ, ಹಳ್ಳಿಯ ಸೊಗಡು ಅಂತ ಬೋರ್ಡು ಬರೆಸಿದ. ಬರೆದವನು ನಾನೇ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬರುವ ಜೋಡಿಗಳು, ಅರಿಶಿನದ ಶಾಸ್ತ್ರಕ್ಕೆ ಹರಿಗೋಲಲ್ಲಿ ಹೂವು ತುಂಬಿ ಅದರೊಳಗೆ ಮದುಮಗಳನ್ನು ಕೂರಿಸುವವರು, ಬೇಕಂತಲೇ ಹರಿಗೋಲನ್ನು ಗಿರಗಿರ ತಿರುಗಿಸಿಕೊಂಡು ಕಿರುಚಿ, ದಡಕ್ಕೆ ಬಂದು ಕಕ್ಕುವವರು, ಇಂಥವರಿಗೆಲ್ಲ ಆ ಜಾಗ.

ಅವನು ಮೊದಲು ಮಂಚಯ್ಯನ ಹತ್ತಿರವೇ ಹೋದ. ಹನ್ನೆರಡು ಹರಿಗೋಲು ಬೇಕು, ತಿಂಗಳೊಳಗೆ ಬೇಕು, ಡಾಂಬರು ಬಳಿಯಬಾರದು. ಬಂದವರ ಬಿಳಿ ಬಟ್ಟೆಗೆ ಹತ್ತುತ್ತದಂತೆ, ವಾಸನೆ ಬೇರೆ.

"ಡಾಂಬ್ರಿಲ್ದೆ ಎಂಗಪ್ಪ?" ಅಂದ ಮಂಚಯ್ಯ. "ಅದು ಕುಕ್ಕೆ ಆಯ್ತದೆ. ಕೋಳಿ ಮುಚ್ಚಾಕೆ ಆಯ್ತದೆ. ಕೋಳಿ ಎಷ್ಟವೆ ಏಳು, ಕಟ್ಕೊಡ್ತೀನಿ."

ಸಿದ್ದರಾಮು ನಗುತ್ತಾ ಹೋದ. ಅವನ ಸ್ವಭಾವವೇ ಹಾಗೆ, ಉಗಿದರೂ ಒರೆಸಿಕೊಂಡು ನಗುತ್ತಾನೆ. ಮೂರು ವಾರದಲ್ಲಿ ಲಾರಿಯಲ್ಲಿ ಹನ್ನೆರಡು ಫೈಬರ್ ತೊಟ್ಟಿ ಬಂದವು. ದುಂಡಗೆ, ನುಣ್ಣಗೆ, ದನಕ್ಕೆ ಕಲಗಚ್ಚು ಇಡುವ ಬಾನಿಯ ಹಾಗೆ. ನನಗೆ ಫೋನು ಮಾಡಿದ.

"ದೇವಣ್ಣ, ಹೊರಗಡೆ ಬಿದಿರು ಎಣೆದಂಗೆ ಪೇಂಟ್ ಮಾಡ್ಬೇಕು. ಫ್ಲೆಕ್ಸು ಅಂಟ್ಸಿದ್ರೆ ನೀರಲ್ಲಿ ಕಿತ್ತೋಯ್ತದೆ. ನಿಮ್ಮ ಕೈಯೇ ಆಗ್ಬೇಕು."

ನಿಮ್ಮ ಕೈಯೇ ಆಗಬೇಕು! ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ. ಬಾಲ ಅಲ್ಲಾಡಿಸಿಕೊಂಡು ಹೋದೆ. ಹತ್ತು ದಿನ ಕೂತು ಹಳದಿ, ಕಂದು, ಕಪ್ಪು ಗೆರೆಗಳಲ್ಲಿ ದಬ್ಬೆ ದಬ್ಬೆಯಾಗಿ ಬರೆದೆ. ದೂರದಿಂದ ನೋಡಿದರೆ ಬಿದಿರೇ. ಸಿದ್ದರಾಮು, "ಇನ್ನೇನಾದ್ರೂ ಒಂದು ಲೈನು ಹಾಕಣ್ಣ, ಪಾರಂಪರಿಕ ಅನ್ನೋ ತರ" ಅಂದ. ಅವನು ಅಷ್ಟೇ ಹೇಳಿದ್ದು. ಉಳಿದದ್ದು ನನ್ನ ತಲೆ. ನಾನೇ ಬ್ರಷ್ಷು ಅದ್ದಿ, ನನ್ನ ಅತ್ಯುತ್ತಮ ದುಂಡಕ್ಷರದಲ್ಲಿ, ಒಂದೊಂದು ತೊಟ್ಟಿಯ ಅಂಚಿಗೂ ಬರೆದೆ: "ಬೋರಮ್ಮ ಕೂತು ನೋಡಿದ್ದು."

ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ. ಅದನ್ನು ನೆನೆದರೆ ಈಗ ನನ್ನ ಬೆನ್ನಿಗೆ ನಾನೇ ಒದೆಯಬೇಕು ಅನ್ನಿಸುತ್ತದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ನನಗೆ ಹೊಳೆಯಲೇ ಇಲ್ಲ. ಬೋರ್ಡಿನವನಿಗೆ ಅಕ್ಷರ ಸಾಲು ತಪ್ಪಬಾರದು, ಅಷ್ಟೇ ಲೆಕ್ಕ. ಶುದ್ಧ ತುಪ್ಪ ಅಂತ ನಾನು ಬರೆದ ಅಂಗಡಿಗಳ ತುಪ್ಪವನ್ನು ನಾನೆಂದೂ ಮೂಸಿ ನೋಡಿದವನಲ್ಲ.

ಎಂಟು ದಿನ ಕಳೆದಿರಬೇಕು. ಪಾಂಡವಪುರದ ಕಡೆ ಕೆರೆಯಲ್ಲಿ ಮೀನು ಹಿಡಿಯುವ ಹೊನ್ನಪ್ಪ, ತಾನು ಹೇಳಿದ್ದ ಹರಿಗೋಲು ತೆಗೆದುಕೊಂಡು ಹೋಗಲು ಮಂಚಯ್ಯನಲ್ಲಿಗೆ ಬಂದ. ದಾರಿಯಲ್ಲಿ ರೆಸಾರ್ಟಿನ ತೊಟ್ಟಿಗಳನ್ನು ನೋಡಿಕೊಂಡೇ ಬಂದಿದ್ದ.

"ಏನಕ್ಕ, ಪ್ಲಾಸ್ಟಿಕ್ಕಿಗೂ ಕುಂತ್ಬುಟ್ಟಂತೆ?" ಅಂದ ಬೋರಮ್ಮನಿಗೆ. "ಬರ್ಸವ್ರೆ ಅಲ್ಲಿ. ಅದೂ ಆಯ್ತದೆ ಅನ್ನಂಗಿದ್ರೆ ನಾನು ಇದ್ನ ಯಾಕೆ ವತ್ಕಂಡೋಗ್ಲಿ? ಅದು ಅಗೂರ, ಒಬ್ನೇ ಎತ್ತಬೌದು."

ಬೋರಮ್ಮ ಓದು ಬಲ್ಲವಳಲ್ಲ. ಮಂಚಯ್ಯ ಮೂರನೇ ಕ್ಲಾಸು. ಹೊನ್ನಪ್ಪ ತಮಾಷೆ ಮಾಡುತ್ತಿಲ್ಲ, ಅಕ್ಷರ ನನ್ನ ಕೈಯದು ಅನ್ನುವುದು ಖಾತ್ರಿಯಾದ ಮೇಲೆ ಗಂಡಹೆಂಡಿರಿಬ್ಬರೂ ಬಸ್ಸು ಹತ್ತಿ ಸೀದಾ ನನ್ನ ಮನೆಗೆ ಬಂದರು. ಹೊನ್ನಪ್ಪ ಹರಿಗೋಲನ್ನು ಮರದ ಬುಡದಲ್ಲೇ ಬಿಟ್ಟು, "ನೀವು ತೀರ್ಮಾನ ಮಾಡ್ಕಂಡು ಏಳಿ" ಅಂತ ಹೊರಟುಹೋಗಿದ್ದನಂತೆ.

ನಾನು ಬಾಗಿಲಲ್ಲಿ ಅವರನ್ನು ನೋಡಿದೆ. ಮಂಚಯ್ಯ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡಿದ.

"ನೀನೇನ್ಲಾ ಬರ್ದಿದ್ದು?"

"ಊಂ ಅಣ್ಣ."

"ನಿನ್ಗೆ ಅನ್ನ ಇಳೀತದೇನ್ಲಾ? ಥೂ! ನಲವತ್ತೆಂಟು ವರ್ಸ ಅವಳು ಬರಿಗಾಲಲ್ಲಿ ಕುಂತವ್ಳೆ. ನೀನು ಒಂದ್ ಡಬ್ಬ ಬಣ್ಣದಲ್ಲಿ ಕುಂಡ್ರುಸ್ಬುಟ್ಟಲ್ಲಾ."

ನಾನು ಏನೋ ತೊದಲಿದೆ. ಬೋರ್ಡು ಅಂದ ಮೇಲೆ ಇದೆಲ್ಲ ಇದ್ದದ್ದೇ, ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅಂತೇನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುವ ಗಾದೆಯನ್ನು ನಾನೇ ಒಂದು ಸ್ಕೂಲಿನ ಗೋಡೆಗೆ ಬರೆದಿದ್ದೇನೆ. ಬೋರಮ್ಮ ಬಯ್ಯಲಿಲ್ಲ. ಅದೇ ಹೆಚ್ಚು ಉರಿಯಿತು.

"ಬಯ್ದು ಏನ್ ಬಂತು ಬುಡು" ಅಂದಳು ಗಂಡನಿಗೆ. "ನನ್ನೆಸ್ರು ಬರ್ದವ್ನೆ. ಕುಂತು ನೋಡಿದ್ದು ಅಂತ ಬರ್ದ ಮ್ಯಾಲೆ ಕುಂತು ನೋಡ್ಬೇಕು. ಸರ್ಯಾಗಿದ್ರೆ ಊಂ ಅಂತೀನಿ. ಇಲ್ದಿದ್ರೆ ಇವ್ನು ಅಳುಸ್ಲಿ. ನಡಿ ದೇವ, ಎಲ್ಲದೆ ತೋರ್ಸು."

ಮಂಚಯ್ಯನ ಮುಖ ಕಪ್ಪಿಟ್ಟಿತು. ಅವಳು ಸುಳ್ಳು ಹೇಳುವುದಿಲ್ಲ ಅನ್ನುವುದೇ ಅವನ ಬದುಕು. ಆ ತೊಟ್ಟಿ ನಿಜಕ್ಕೂ ಸರಿಯಾಗಿದ್ದರೆ ಅವಳು ಊಂ ಅಂದೇ ಅನ್ನುತ್ತಾಳೆ. ಅಂದಳೋ, ಅವತ್ತಿಗೆ ಮಂಚಯ್ಯನ ಕಸುಬು ಮುಗಿಯಿತು. ಹೊನ್ನಪ್ಪನಂಥವರಿಗೆ ಅಷ್ಟೇ ಸಾಕು. ಇದು ಮೂವರಿಗೂ ಗೊತ್ತಿತ್ತು. ಮೂವರೂ ಬಸ್ಸು ಹತ್ತಿ ರೆಸಾರ್ಟಿಗೆ ಹೋದೆವು.

ಸಿದ್ದರಾಮು ನಮ್ಮನ್ನು ನೋಡಿ ಹೆದರುತ್ತಾನೆ ಅಂದುಕೊಂಡಿದ್ದೆ. ಅವನು ಹಿಗ್ಗಿದ.

"ಅಯ್ಯೋ ಬನ್ನಿ ಅಜ್ಜಿ, ಬನ್ನಿ! ನೀವೇ ಬಂದು ಕೂತ್ಕೊತೀನಿ ಅಂದ್ರೆ ಅದ್ಕಿಂತ ಇನ್ನೇನು ಬೇಕು? ವಿಡಿಯೋ ಮಾಡ್ಕೊತೀನಿ." ಜೇಬಿನಿಂದ ಫೋನು ತೆಗೆದೇಬಿಟ್ಟ. ಅಜ್ಜಿಗೆ ಜ್ಯೂಸು ತರಿಸಲೇ, ಬೇರೆ ಸೀರೆ ಉಡಿಸಲೇ, ತಲೆಗೆ ಹೂವು ಮುಡಿಸಲೇ ಅಂತ ಕೇಳಿದ. ಬೋರಮ್ಮ ಅವನ ಕಡೆ ತಿರುಗಲಿಲ್ಲ. ತೊಟ್ಟಿಯ ಅಂಚಿನ ಮೇಲೆ ನಾನು ಬರೆದ ಅಕ್ಷರಗಳಿಗೆ ಬೆರಳಿಟ್ಟು ಕೇಳಿದಳು:

"ಇದ್ರಲ್ಲಿ ನಾನೆಲ್ಲಿದೀನಿ?"

ತೋರಿಸಿದೆ. "ಇದು ಬೋ. ಇದು ರ. ಇದು ಮ್ಮ."

"ಚೆಂದಾಗಿ ಬರ್ದಿದೀಯ" ಅಂದಳು. ಆ ಮಾತಿಗೆ ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಂಚಯ್ಯನ ಕಣ್ಣು ಮಾತ್ರ ಚಿತ್ರದ ಮೇಲಿತ್ತು. "ಇದು ಮಂಕ್ರಿ ಎಣಿಗೆ" ಅಂದ. "ಅರಿಗೋಲ್ದು ಅಲ್ಲ. ಬರೆಯೋಕ್ಮುಂಚೆ ಒಂದ್ಸಲ ಬಂದು ನೋಡಕ್ಕೂ ಆಗ್ನಿಲ್ವಲ್ಲಾ ನಿನ್ಗೆ." ನಾನು ಹತ್ತು ದಿನ ಕೂತು ಸಗಣಿ ಹೊರುವ ಮಂಕರಿಯನ್ನು ಹನ್ನೆರಡು ಸಲ ಬರೆದಿದ್ದೆ.

ನಾಲ್ವರು ಹತ್ತಿದೆವು. ಬೋರಮ್ಮ ಚಪ್ಪಲಿಯನ್ನು ದಡದಲ್ಲಿ ಬಿಟ್ಟಳು. ಮಂಚಯ್ಯ ಮುಂದೆ ಮಂಡಿಯೂರಿ ಹುಟ್ಟು ಹಿಡಿದ. ಹರಿಗೋಲು ನಡೆಸುವವನ ಮುಖ ಯಾವಾಗಲೂ ನೀರಿನ ಕಡೆ, ಬೆನ್ನು ಕೂತವರ ಕಡೆ. ಅವನ ಹಿಂದೆ ಬೋರಮ್ಮ, ಅವಳ ಎದುರಿಗೆ ಫೋನು ಹಿಡಿದ ಸಿದ್ದರಾಮು, ಪಕ್ಕದಲ್ಲಿ ನಾನು. ಸಂಕ್ರಾಂತಿ ಕಳೆದು ಹದಿನೈದು ದಿನ, ಹೊಳೆ ಇಳಿದಿತ್ತು. ದಡದಿಂದ ನಾಲ್ಕು ಮಾರು ಹೋಗುವಷ್ಟರಲ್ಲಿ ನಾತ ಬಡಿಯಿತು. ರೆಸಾರ್ಟಿನ ಹಿಂದುಗಡೆ ಹುಲ್ಲಿನ ನಡುವೆ ಒಂದು ದಪ್ಪ ಪೈಪು ಹೊಳೆಗೆ ಬಾಯಿಟ್ಟಿತ್ತು. ಅದರಿಂದ ಬೂದು ಬಣ್ಣದ ನೊರೆ ಸುರಿಯುತ್ತಿತ್ತು. ಕೆಳಗೆ ಕೊಳೆತ ಅನ್ನ, ಕಾಗದ, ನಾನು ಹೆಸರು ಹೇಳಲಾರದ್ದು. ಮೇಲಿನಿಂದ ಯಾರದೋ ಕರ್ಮಾಂತರದ ಪಂಚೆ ತೇಲಿಬಂದು ಪೈಪಿಗೆ ಸುತ್ತಿಕೊಂಡಿತ್ತು. ಹಳ್ಳಿಯ ಸೊಗಡು ಅಂತ ಬರೆದಿದ್ದೆನಲ್ಲ, ಅದು ಮೂಗಿಗೆ ಬಂತು. ಪೈಪಿನ ಕಡೆಯಿಂದ ಸಿದ್ದರಾಮು ಫೋನನ್ನು ಜಾಣತನದಿಂದ ಬೇರೆ ಕಡೆಗೆ ತಿರುಗಿಸಿದ.

ನಡುಹೊಳೆಗೆ ಬಂದೆವು. ಮಂಚಯ್ಯ ಹುಟ್ಟು ನಿಲ್ಲಿಸಿದ. ಬೋರಮ್ಮ ಕಣ್ಣು ಮುಚ್ಚಿದಳು. ಎರಡು ಪಾದಗಳನ್ನೂ ತೊಟ್ಟಿಯ ತಳಕ್ಕೆ ಒತ್ತಿ ನಿಧಾನಕ್ಕೆ ಸರಿಸುತ್ತಾ ಹೋದಳು.

"ಸೋರಲ್ಲ" ಅಂದಳು ಕೊನೆಗೆ. "ಎಲ್ಲೂ ತೇವ ಇಲ್ಲ. ಬಿಗಿಯಾಗದೆ."

ಮಂಚಯ್ಯನ ಬೆನ್ನು ಕುಗ್ಗಿದ್ದು ನನಗೆ ಕಂಡಿತು. ಸಿದ್ದರಾಮು ಎರಡು ಕೈಯಲ್ಲಿ ಫೋನು ಹಿಡಿದು ಮುಂದೆ ಬಾಗಿದ. "ಹಂಗಾದ್ರೆ ಊಂ ಅನ್ನಜ್ಜಿ. ಈ ಕಡೆ ನೋಡಿ ಅನ್ನು."

"ತಡೀರಿ" ಅಂದ ಮಂಚಯ್ಯ, ಬೆನ್ನು ತಿರುಗಿಸದೆ. "ಇನ್ನೂ ಮುಗ್ದಿಲ್ಲ. ಅವಳು ಕುಡೀಬೇಕು."

ಇದು ನನಗೆ ಗೊತ್ತಿರಲಿಲ್ಲ. ಊರಿಗೆಲ್ಲ ಕೇಳಿಸುವುದು ಆ ಊಂ ಮಾತ್ರ. ಅದಕ್ಕೆ ಮೊದಲು ಅವಳು ಹೊಳೆಯಿಂದ ಬೊಗಸೆ ನೀರು ಎತ್ತಿ ಮೂರು ಗುಟುಕು ಕುಡಿಯಬೇಕಂತೆ. ಅತ್ತೆ ಕಲಿಸಿದ್ದು. ಗಂಗಮ್ಮನನ್ನು ಕೇಳದೆ ಹೂಂಗುಟ್ಟಬಾರದು. ಹರಿಗೋಲು ಸರಿಯಿದ್ದರೆ ಸಾಲದು, ಹೊಳೆಯೂ ಒಪ್ಪಬೇಕು. ಕುಡಿಯದೆ ಅಂದ ಊಂ ಸುಳ್ಳು ಊಂ. ಮಂಚಯ್ಯ ಇದನ್ನೆಲ್ಲ ನೀರಿಗೆ ಮುಖ ಮಾಡಿಕೊಂಡೇ ಹೇಳಿದ. ದನಿಯಲ್ಲಿ ಒಂದು ಗತ್ತು ಬಂದಿತ್ತು.

ಸಿದ್ದರಾಮುವಿನ ನಗು ಅರ್ಧಕ್ಕೆ ನಿಂತಿತು. "ಈ ನೀರಾ? ಬೇಡ ಬುಡಿ ಅಜ್ಜಿ. ದಡಕ್ಕೆ ಹೇಳಿ ಬಾಟ್ಲಿ ನೀರು ತರಿಸ್ತೀನಿ. ವಿಡಿಯೋದಲ್ಲಿ ಯಾವ ನೀರು ಅಂತ ಯಾರಿಗೆ ಗೊತ್ತಾಯ್ತದೆ?"

ಇಷ್ಟು ಕೇಳಿ ನನಗೆ ಅವನನ್ನು ಎತ್ತಿ ನೀರಿಗೆ ಹಾಕಬೇಕು ಅನ್ನಿಸಿತು. ಬೋರಮ್ಮ ಅಂಚಿನಿಂದ ಬಾಗಿ ಬೊಗಸೆ ತುಂಬಿ ಅವನ ಮುಖದ ಹತ್ತಿರ ಹಿಡಿದಳು.

"ನೀನೇ ಕುಡಿಯಪ್ಪ. ನಿನ್ ಮನೆ ಮುಂದ್ಲ ನೀರು. ಮೂರು ಗುಟುಕು ಕುಡಿ, ನಿನ್ ಅನ್ನೆರಡಕ್ಕೂ ಊಂ ಅಂತೀನಿ."

ಸಿದ್ದರಾಮು ಮುಖ ಹಿಂದಕ್ಕೆಳೆದ. ಅವನಿಗೆ ನಿಜವಾಗಿಯೂ ಓಕರಿಕೆ ಬಂತು, ನಾನು ನೋಡಿದೆ. ಬೋರಮ್ಮ ಬೊಗಸೆಯನ್ನು ನನ್ನ ಕಡೆ ತಿರುಗಿಸಿದಳು.

"ಬರ್ದೋನು ನೀನು. ನೀ ಕುಡಿ."

ಅವಳ ಕೈಯಲ್ಲಿ ನೀರು ತಿಳಿಯಾಗೇ ಕಾಣುತ್ತಿತ್ತು. ವಾಸನೆ ಮಾತ್ರ ಕಕ್ಕಸಿನದು. ನಾನು ತಲೆ ತಗ್ಗಿಸಿದೆ. ಸಿದ್ದರಾಮುವಿಗೆ ಸಿಟ್ಟು ಬಂತು. "ನಮ್ಗೆ ಹೇಳೋದು ಬಿಟ್ಟು ನೀವು ಕುಡೀರಿ ಅಜ್ಜಿ, ನೋಡಣ. ನಿಮ್ ಶಾಸ್ತ್ರ ತಾನೇ?"

"ಕುಡೀತಾಳೆ" ಅಂದ ಮಂಚಯ್ಯ. "ನಾ ಕಟ್ಟಿದ್ದ ಒಂದೊಂದ್ರಲ್ಲೂ ಕುಡ್ದವ್ಳೆ. ಕುಡಿಯಮ್ಮಿ."

ಅವಳು ಬೊಗಸೆಯನ್ನು ಬಾಯಿಯ ಹತ್ತಿರಕ್ಕೆ ತಂದಳು. ತುಟಿಗೆ ಇನ್ನೇನು ಎರಡು ಬೆರಳು. ಅಲ್ಲಿಗೇ ಕೈ ನಿಂತಿತು. ಬೆರಳ ಸಂದಿಯಿಂದ ನೀರು ಸೋರಿ ಮಡಿಲಿಗೆ ಬಿತ್ತು. ಅವಳು ಕೈ ಬಿಡಿಸಿದಳು.

"ಇಲ್ಲ ಕಣಯ್ಯ. ನಾ ಕುಡೀತಿರ್ನಿಲ್ಲ."

ಮಂಚಯ್ಯ ತಿರುಗಿ ಕೂತ. ಹುಟ್ಟು ಹಿಡಿದವನು ಹಾಗೆ ತಿರುಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಏನಂದೆ?"

"ಆರು ವರ್ಸದಿಂದ ಕುಡ್ದಿಲ್ಲ. ಬಾಯ್ಗಂಟ ತಂದು ಚೆಲ್ತಿದ್ದೆ. ನಿನ್ ಬೆನ್ನು ಈ ಕಡೀಕಲ್ವಾ ಇರ್ತಿದ್ದದ್ದು, ನಿನ್ಗೆ ಊಂ ಮಾತ್ರ ಕೇಳ್ತಿತ್ತು." ಅವಳು ಅಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. "ಏಳಿದ್ರೆ ನೀನು ಅರಿಗೋಲು ಬುಡ್ತಿದ್ದಾ? ಗಂಗಮ್ಮ ಒಪ್ನಿಲ್ಲ ಅಂತ ಎಲ್ಲಾನೂ ಬಿಚ್ಚಾಕ್ತಿದ್ದೆ. ಅದ್ಕೆ ಸುಳ್ಳಂದೆ. ಈ ಉಡ್ಗ ಬಣ್ಣದಲ್ಲಿ ಸುಳ್ಳು ಬರ್ದ, ನಾ ಬಾಯಲ್ಲಿ ಅಂದೆ."

ತೊಟ್ಟಿ ಮೆಲ್ಲಗೆ ತಿರುಗುತ್ತಿತ್ತು. ಯಾರೂ ಹುಟ್ಟು ಹಾಕುವವರಿರಲಿಲ್ಲ.

"ಆರು ವರ್ಸದಲ್ಲಿ ಎಷ್ಟು ಕಟ್ಟಿದೀನಿ?"

"ಅದ್ನಾಲ್ಕು. ಒನ್ನಪ್ಪನ್ದೂ ಸೇರಿ."

ಮಂಚಯ್ಯ ಹುಟ್ಟನ್ನು ನನ್ನ ತೊಡೆಯ ಮೇಲಿಟ್ಟ. ಬಾಗಿ, ಮಡಚದ ಆ ಬೆರಳುಗಳಲ್ಲಿ ಹೊಳೆಯ ನೀರು ಎತ್ತಿ ಕುಡಿದ. ಒಂದು. ಗಂಟಲು ಎಳೆದುಕೊಂಡಿತು, ಆದರೂ ಇಳಿಸಿದ. ಎರಡು. ಬೋರಮ್ಮ "ಬ್ಯಾಡ ಕಣಯ್ಯ, ಬ್ಯಾಡ" ಅಂತ ಅವನ ರಟ್ಟೆ ಹಿಡಿದಳು. ಅವಳ ಕೈ ಸರಿಸಿ ಮೂರನೆಯದನ್ನೂ ಕುಡಿದ. ಬಾಯಿ ಒರೆಸಿಕೊಂಡು, ಆ ಹದಿನಾಲ್ಕಕ್ಕೂ ಸೇರಿಸಿ ಎಂಬಂತೆ ತಾನೇ ಒಮ್ಮೆ "ಊಂ" ಅಂದ. ಆಮೇಲೆ ನನ್ನ ತೊಡೆಯಿಂದ ಹುಟ್ಟು ತೆಗೆದುಕೊಂಡು ದಡದ ಕಡೆ ತಿರುಗಿಸಿದ.

"ಇದ್ಕೆ ಅಂದಿದ್ದಲ್ಲ" ಅಂದ ಸಿದ್ದರಾಮುವಿಗೆ, ತೊಟ್ಟಿಯ ಅಂಚಿಗೆ ಹುಟ್ಟಿನಿಂದ ಬಡಿದು. "ಇದ್ರಲ್ಲಿ ನನ್ನೆಂಡ್ತಿ ಎಸ್ರು ಇರಂಗಿಲ್ಲ."

ಅವತ್ತು ಸಂಜೆಯ ತನಕ ನಾನು ಥಿನ್ನರು, ಹಳೆ ಬಟ್ಟೆ ಹಿಡಿದು ಹನ್ನೆರಡು ತೊಟ್ಟಿಗಳ ಅಂಚು ಉಜ್ಜಿದೆ. ಸಿದ್ದರಾಮು ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಅನ್ನುವುದು ಮೂರನೇ ದಿನ ಗೊತ್ತಾಯಿತು. ರೆಸಾರ್ಟಿನ ಗೇಟಿಗೆ ದೊಡ್ಡ ಫ್ಲೆಕ್ಸು ಬಿದ್ದಿತ್ತು. ಅದರಲ್ಲಿ ಬೋರಮ್ಮ ತೊಟ್ಟಿಯಲ್ಲಿ ಕೂತು ಬೊಗಸೆಯನ್ನು ಬಾಯಿಯ ಹತ್ತಿರ ಹಿಡಿದಿದ್ದಾಳೆ. ಚೆಲ್ಲುವುದಕ್ಕಿಂತ ಒಂದು ಗಳಿಗೆ ಮೊದಲಿನ ಚಿತ್ರ. ನೋಡಿದವರಿಗೆ ಮುದುಕಿ ಭಕ್ತಿಯಿಂದ ಕಾವೇರಿ ತೀರ್ಥ ಕುಡಿಯುತ್ತಿದ್ದಾಳೆ ಅಂತಲೇ ಕಾಣುತ್ತದೆ. ಹೊಳೆಯ ನೀರಿಗೆ ನೀಲಿ ಬಣ್ಣ ಏರಿಸಿದ್ದಾನೆ. ಇಷ್ಟು ಗಲೀಜು ಮನುಷ್ಯರ ನಡುವೆ ಅಕ್ಷರ ಕಲಿತು ನಾನೇನು ಸಾಧಿಸಿದೆ ಅಂತ ಗೇಟಿನ ಮುಂದೆ ನಿಂತು ಉಗಿದೆ. ಉಗಿದದ್ದು ಅವನಿಗೋ ನನಗೋ ಹೇಳಲಾರೆ.

ಅಲ್ಲಿಂದ ಪಟ್ಟಣದ ಆಸ್ಪತ್ರೆಗೆ ಹೋದೆ. ಮಂಚಯ್ಯನಿಗೆ ಹೊಳೆಯಿಂದ ಬಂದ ರಾತ್ರಿಯೇ ವಾಂತಿಭೇದಿ ಹತ್ತಿಕೊಂಡಿತ್ತು. ಕೈಗೆ ಡ್ರಿಪ್ಪು ಹಾಕಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ನಾನು ತಂದಿದ್ದ ಎಳನೀರನ್ನು ಮಂಚದ ಕೆಳಗಿಟ್ಟೆ. ಬೋರಮ್ಮ ಅವನು ಆಗಷ್ಟೇ ಕಕ್ಕಿದ್ದ ಬೇಸಿನ್ನು ಎತ್ತಿಕೊಂಡು ತೊಳೆಯಲು ಹೊರಗೆ ಹೋದಳು.

"ಅಳಿಸ್ದೆ ಅಣ್ಣ" ಅಂದೆ. ಫ್ಲೆಕ್ಸಿನ ವಿಷಯ ಹೇಳಲು ಬಾಯಿ ಬರಲಿಲ್ಲ.

ಅವನು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬಾಗಿಲ ಕಡೆ, ಹೆಂಡತಿ ಹೋದ ದಾರಿಯನ್ನೇ ನೋಡುತ್ತಿದ್ದ. ಅವಳು ಸುಳ್ಳು ಅಂದದ್ದು ಅವನನ್ನು ಕೊರೆಯುತ್ತಿದೆ, ಈಗ ಅದನ್ನೇ ಎತ್ತುತ್ತಾನೆ ಅಂದುಕೊಂಡೆ.

"ದೇವ, ಏನ್ ಗಬ್ಬು ಕಣ್ಲಾ ಅದು" ಅಂದ. "ಬಾಯಿಂದ ಇನ್ನೂ ವೋಗ್ನಿಲ್ಲ."

"ಸುಮ್ನೆ ಮಲಿಕ್ಕೊ ಅಣ್ಣ."

"ಆರು ವರ್ಸದಿಂದ ಕುಡ್ದಿಲ್ಲ ಅಂದ್ಲು. ಸರಿ. ಒಳೆ ಕೆಟ್ಟಿದ್ದು ಆರು ವರ್ಸದ ಈಚ್ಗಾ? ಅದ್ಕೂ ಮುಂಚೆ ಕೆಟ್ಟಿತ್ತು ಕಣ್ಲಾ. ಆವಾಗೆಲ್ಲ ಕುಡ್ದವ್ಳೆ." ಅವನು ಡ್ರಿಪ್ಪಿನ ಕೈ ಎತ್ತಲು ಹೋಗಿ ಬಿಟ್ಟ. "ಅರಿಗೋಲು ನೋಡ್ಕಂಡು ಬಂದಾಗೆಲ್ಲ ಎರಡ್ದಿನ ಒಟ್ಟೆನೋವು ಅಂತ ಮುದುರ್ಕಂಡ್ಬುಡೋಳು. ನಾನು ಬೈತಿದ್ದೆ. ಸಂತೇಲಿ ಕಂಡಿದ್ನೆಲ್ಲಾ ತಿಂತೀಯ, ನಾಲ್ಗೆ ಕಟ್ಟಾಕಿಲ್ಲ ನಿನ್ಗೆ, ಅಂತ."

ಹೊರಗಿನ ನಲ್ಲಿಯಲ್ಲಿ ಬೋರಮ್ಮ ಬೇಸಿನ್ನು ತೊಳೆಯುವ ಸದ್ದು ಕೇಳುತ್ತಿತ್ತು.

"ಒಂದ್ಸಲಾನೂ ಎದುರಾಡ್ನಿಲ್ಲ ಕಣ್ಲಾ ಅವಳು" ಅಂದ ಮಂಚಯ್ಯ.